ಇಬ್ಬರ ನಡುವಿನ ಹೂಂ

“ಗುರುಗಳೇ, ಎಲ್ಲರೂ ಹೊಗಳುವ ಒಂದು ಪುಸ್ತಕ ನನಗೆ ಹಿಡಿಸಲಿಲ್ಲ. ಆದರೆ ಅದನ್ನು ಮೆಚ್ಚಿದವರು ನನಗೆ ಬೇಕಾದವರು. ಅವರ ಮುಂದೆ ಚೆನ್ನಾಗಿದೆ ಎಂದುಬಿಟ್ಟರೆ ತಪ್ಪೇ?” ಎಂದು ಶಿಷ್ಯ ಕೇಳಿದ.

ಪಾಠ ಮುಗಿಸಿ ದಣಿದಿದ್ದ ಗುರುಗಳು ಕಂಬಕ್ಕೆ ಒರಗಿ ಹೇಳತೊಡಗಿದರು.

ಒಬ್ಬ ವರ್ತಕನಿದ್ದ. ಅವನ ಪಕ್ಕದ ಮನೆಯಲ್ಲಿ ಒಬ್ಬ ರೈತ. ಒಬ್ಬರನ್ನು ಬಿಟ್ಟರೆ ಇನ್ನೊಬ್ಬರಿಗೆ ಮಾತಿಗೆ ಯಾರೂ ಇಲ್ಲ. ರೈತನಿಗೆ ಓದು ಬಾರದು. ಸಂಜೆ ವರ್ತಕ ಓದುವನು, ರೈತ ಹೂಂಗುಟ್ಟುವನು. ಹೂಂ ಬರುತ್ತಿರುವವರೆಗೆ ಓದುವವನು ನಿಲ್ಲಿಸಬಾರದು, ಓದು ನಡೆದಿರುವಾಗ ಕೇಳುವವನು ಹೂಂ ಬಿಡಬಾರದು. ಅದು ಅವರ ಊರಿನ ಮರ್ಯಾದೆ.

ಒಮ್ಮೆ ವರ್ತಕ ಪೇಟೆಯಿಂದ ದಪ್ಪನೆಯ ಪುಸ್ತಕವೊಂದನ್ನು ತಂದ. ಪೇಟೆಗೆ ಪೇಟೆಯೇ ಅದನ್ನು ತಲೆಯ ಮೇಲೆ ಹೊತ್ತು ಕುಣಿಯುತ್ತಿತ್ತು. ದೂರದ ಬೆಟ್ಟ ನುಣ್ಣಗೆ. ಅದರ ನಾಯಕ ಕುದುರೆ ಹತ್ತುವುದಕ್ಕೇ ಒಂದು ಅಧ್ಯಾಯ ಹಿಡಿಯಿತು. ವರ್ತಕನಿಗೆ ಆಕಳಿಕೆ ಬಂತು, ಮುಚ್ಚಿಡೋಣವೆಂದುಕೊಂಡ. ಅಷ್ಟರಲ್ಲಿ ರೈತ ಜೋರಾಗಿ ಹೂಂ ಎಂದ. ಪಾಪ, ಇವನಿಗೆ ರುಚಿ ಹತ್ತಿದೆ ಎಂದು ವರ್ತಕ ಮುಂದುವರಿಸಿದ. ರೈತ ಜೋರಾಗಿ ಹೂಂ ಎಂದದ್ದು ತೂಕಡಿಕೆ ತಡೆಯಲಿಕ್ಕೆ.

ಪುಸ್ತಕ ಮುಗಿದಾಗ ರೈತ ಗೆಳೆಯನ ಮನಸ್ಸು ನೋಯಬಾರದೆಂದು, ಇಂಥದ್ದನ್ನು ಕೇಳಿಯೇ ಇರಲಿಲ್ಲ ಎಂದ. ಮರುದಿನ ವರ್ತಕ ಮತ್ತೆ ಮೊದಲಿನಿಂದ ಶುರುಮಾಡಿದ. ಹೀಗೇ ವರ್ಷಗಳು ಸವೆದವು.

ವರ್ತಕನಿಗೆ ನಿಜಕ್ಕೂ ಇಷ್ಟವಾದದ್ದು ಬೇರೆ. ಒಂದು ಕಾಗೆಗೂ ಅದರ ಅತ್ತೆಗೂ ನಡೆದ ಜಗಳದ ತೆಳ್ಳನೆಯ ಪುಸ್ತಕ. ಅದನ್ನು ಓದಿಕೊಂಡು ಒಬ್ಬನೇ ನಗುತ್ತಿದ್ದ. ಗೆಳೆಯನಿಗೆ ಓದಿಹೇಳುವ ಆಸೆ ಬಹಳವಿತ್ತು. ದೊಡ್ಡ ಪುಸ್ತಕ ಮೆಚ್ಚಿದವನ ಮುಂದೆ ಇದನ್ನು ಹೇಗೆ ತೆರೆಯುವುದು ಎಂದು ನಾಚಿಕೊಂಡ.

ಇಬ್ಬರೂ ಮುದುಕರಾದರು. ರೈತ ಹಾಸಿಗೆ ಹಿಡಿದ. ವರ್ತಕ ದೊಡ್ಡ ಪುಸ್ತಕ ತಂದು ಪಕ್ಕದಲ್ಲಿ ಕುಳಿತ.

“ಅಣ್ಣಾ, ಸಾಕು ಮಾಡು. ಅವನು ಇನ್ನೊಂದ್ಸಲ ಕುದುರೆ ಹತ್ತೋದನ್ನ ಕೇಳೋ ಶಕ್ತಿ ನನಗಿಲ್ಲ” ಎಂದ ರೈತ.

“ಈ ಪುಸ್ತಕ ಅಂದ್ರೆ ನಿನಗೆ ಪ್ರಾಣ ಅಂತ ಅಲ್ಲವೇನಪ್ಪಾ ನಾನು ಓದಿದ್ದು?”

“ನಿನಗೆ ಪ್ರಾಣ ಅಂತ ನಾನು ಹೂಂ ಅಂದೆ.”

ವರ್ತಕ ಎದ್ದು ಹೋಗಿ ತೆಳ್ಳನೆಯ ಪುಸ್ತಕ ತಂದ. ಕಾಗೆಯ ಅತ್ತೆ ಬಾಯಿ ತೆರೆದದ್ದೇ ತಡ, ರೈತ ಕೆಮ್ಮು ಬರುವಷ್ಟು ನಕ್ಕ. ನಗುತ್ತಲೇ ಹೂಂ ಎಂದ. ಅಂಥ ಹೂಂ ಅವನ ಬಾಯಿಂದ ಎಂದೂ ಬಂದಿರಲಿಲ್ಲ. ವರ್ತಕ ಪುಟ ತಿರುಗಿಸಿದ. ಇನ್ನೊಂದು ತಿರುಗಿಸಿದ. ಆಮೇಲೆ ಹೂಂ ಬರಲಿಲ್ಲ. ಪುಸ್ತಕ ಇನ್ನೂ ಅರ್ಧ ಉಳಿದಿತ್ತು.

ಕತೆ ಮುಗಿಯಿತು. ರೂಢಿಯ ಬಲದಿಂದ ಶಿಷ್ಯ ಹೂಂ ಎಂದ. ಊರೆಲ್ಲ ಹೊಗಳುವ, ವರ್ಷಗಳಿಂದ ತಾವು ಅವನಿಗೆ ಪಾಠ ಹೇಳುತ್ತ ಬಂದ ಪುಸ್ತಕವನ್ನು ಗುರುಗಳು ಬಟ್ಟೆಯಲ್ಲಿ ಕಟ್ಟಿ ಪಕ್ಕಕ್ಕಿಟ್ಟರು.

“ಇದನ್ನು ಓದಿ ಓದಿ ನನಗೂ ಸಾಕಾಗಿದೆ ಮಗು, ನಾಳೆ ನಿನಗೆ ಹಿಡಿಸಿದ್ದನ್ನು ತಾ, ನನಗೆ ವಯಸ್ಸಾಯಿತು.”