ಮೇಷ್ಟ್ರ ಕಾರು ಹಿಂದಕ್ಕೆ ಕೊಟ್ಟದ್ದು

ಹಿರಿಯೂರಿನ ಹೆದ್ದಾರಿ ಬದಿಯಲ್ಲಿ ಸೋಮವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಒಂದು ಲೋಟ ಚಹಾ ಆರಿಹೋಯಿತು. ಸಾವುನೋವು ಸಂಭವಿಸಿಲ್ಲ. ಆದರೂ ಶ್ರೀ ಸತ್ಯವಾಕ್ಯ ಹಳೇ ಕಾರು ಮಳಿಗೆಯ ಮಾಲೀಕ ಜಂಪಣ್ಣ, ಅಂಗಡಿ ತೆರೆದ ಹನ್ನೊಂದು ವರ್ಷಗಳಲ್ಲಿ ಇಂಥ ಘಟನೆ ಇದೇ ಮೊದಲು ಎಂದು ಅಕ್ಕಪಕ್ಕದವರಿಗೆ ತಿಳಿಸಿದ. ಜಗಳಕ್ಕೆ ಬಂದವರು ಎಷ್ಟೇ ಕೂಗಾಡಲಿ, ನಡುನಡುವೆ ಚಹಾ ಕುಡಿದು ಕೂಗಾಡುತ್ತಿದ್ದರು. ಒಮ್ಮೆ ಚಹಾ ಕುಡಿದವರನ್ನು ಹೇಗೆ ಸಾಗಹಾಕಬೇಕೆಂದು ಜಂಪಣ್ಣನಿಗೆ ಗೊತ್ತಿತ್ತು. ಈ ಮನುಷ್ಯ ಲೋಟವನ್ನೇ ಮುಟ್ಟಲಿಲ್ಲ.

ಲೋಟ ಮುಟ್ಟದವನ ಹೆಸರು ಪಾಲಯ್ಯ. ವಯಸ್ಸು ಮೂವತ್ತೊಂದು. ತಾಯಿ ತಿಪ್ಪಮ್ಮ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಮಗ ಬೇಕೆಂದು ಲೋಕದ ತಾಯಂದಿರು ಹರಕೆ ಹೊರುತ್ತಾರೆ. ತಿಪ್ಪಮ್ಮನಿಗೆ ಅಂಥ ಮಗ ಹುಟ್ಟಿಯೇಬಿಟ್ಟಿದ್ದ. ‘ಹಾಲಿನ ಮೇಲೆ ಕಣ್ಣಿಡು’ ಎಂದರೆ ಕುದಿಯುವ ಪಾತ್ರೆಗೆ ಮುಖ ಒಡ್ಡಿ ರೆಪ್ಪೆ ಸುಟ್ಟುಕೊಂಡವನು. ‘ಅಂಗಡಿ ಕಡೆ ತಲೆ ಹಾಕಬೇಡ’ ಎಂದರೆ ಒಂದು ವಾರ ಅತ್ತ ಕಾಲು ಚಾಚಿಕೊಂಡು ಮಲಗಿದವನು. ಡ್ರೈವಿಂಗ್ ಲೈಸೆನ್ಸ್ ಮಾತ್ರ ಅವನಿಗೆ ಮೊದಲ ಸಲಕ್ಕೇ ಸಿಕ್ಕಿತ್ತು. ಹೇಳಿದಷ್ಟನ್ನೇ ಮಾಡುವ ಚಾಲಕನನ್ನು ಪರೀಕ್ಷೆಯ ಅಧಿಕಾರಿ ತನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲವಂತೆ.

ತಿಪ್ಪಮ್ಮ ಬೆಟ್ಟದ ಮೇಲೆ ಗಾಳಿಯಂತ್ರ ನಿಲ್ಲಿಸುವ ಕೆಲಸಗಾರರಿಗೆ ಮಧ್ಯಾಹ್ನದ ಮುದ್ದೆ ಊಟ ಮಾಡಿ ಕಳಿಸುವವಳು. ಊಟ ಸಾಗಿಸಲೆಂದೇ ಜಂಪಣ್ಣನ ಹತ್ತಿರ ಒಂದು ಬಿಳಿ ಕಾರು ಕೊಂಡಿದ್ದಳು.

“ಮೇಷ್ಟ್ರ ಕಾರು ಕಣಮ್ಮ,” ಎಂದಿದ್ದ ಜಂಪಣ್ಣ. “ಶಾಲೆ ಕೆಲಸಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಓಡಿಲ್ಲ. ಬಣ್ಣ ನಾನೇ ಮುಂದೆ ನಿಂತು ಹೊಡೆಸಿದ್ದು. ನನ್ನ ಬಣ್ಣ ಹತ್ತು ವರ್ಷ ಅಲ್ಲಾಡಲ್ಲ.”

ಪಕ್ಕದ ಸೀಟಿನಲ್ಲಿ ಕೂತು ನೋಡಿದ ತಿಪ್ಪಮ್ಮನಿಗೆ ಕಾಲ ಬಳಿ ಮೂರು ತೂತು ಕಂಡಿದ್ದವು. “ಇವೇನಪ್ಪ?”

“ಕಾಲಿಗೆ ಗಾಳಿ ಆಡಲಿ ಅಂತ.”

ಆ ಉತ್ತರ ತಿಪ್ಪಮ್ಮನಿಗೆ ಅವತ್ತೇ ಇಷ್ಟವಾಗಿರಲಿಲ್ಲ. ಕಾರು ಬೆಟ್ಟದ ಎರಡನೇ ತಿರುವಿಗೆ ಹೋಗಿ, ಗರ್ರೆಂದು ಅರಚಿ, ಹಿಂದೆ ಜಾರಿ ಮೊದಲನೇ ತಿರುವಿಗೆ ಬಂದು ನಿಂತಿತು. ಮೂರು ದಿನವೂ ಅದೇ ಕತೆ. ಸಾರಿನ ಹಂಡೆ ತಲೆಯ ಮೇಲೆ ಹೊತ್ತು ಹತ್ತಿದ್ದಾಯಿತು. ಸಾರು ಆರಿತು, ಮುದ್ದೆ ಬಿರುಕು ಬಿಟ್ಟಿತು. ಕಂಟ್ರಾಕ್ಟರು ಹೇಳಿಬಿಟ್ಟ: “ಈ ಶನಿವಾರ ಒಂದು ಗಂಟೆಗೆ ಊಟ ಬಿಸಿಯಾಗಿ ಮೇಲೆ ಬಂದರೆ ನೀನು. ಬರದಿದ್ದರೆ ಪೇಟೆ ಹೋಟೆಲು.”

ತಿಪ್ಪಮ್ಮ ಒಲೆ ಬಿಟ್ಟು ಹೋಗುವಂತಿರಲಿಲ್ಲ. ಬೇರೆ ದಾರಿ ಕಾಣದೆ ಮಗನನ್ನು ಕಳಿಸಿದಳು.

“ಈ ಚೀಟೀಲಿ ಎಲ್ಲ ಬರೆಸಿದೀನಿ. ಕಾರು ಬೆಟ್ಟ ಹತ್ತಲ್ಲ, ಶನಿವಾರದೊಳಗೆ ಬೇರೆ ಕೊಡು ಅಂತ. ಚೀಟಿ ಕೊಡು, ಕೂತ್ಕೋ. ಅವನು ಏನೇ ಕೇಳಲಿ, ಬಾಯಿ ಬಿಡಬೇಡ. ಬಿಟ್ಟರೆ ನೀನು ಏನು ಅಂತ ಗೊತ್ತಾಗಿಬಿಡುತ್ತೆ.”

ಪಾಲಯ್ಯ ಚೀಟಿ ಕೊಟ್ಟ, ಕೂತ, ಬಾಯಿ ಬಿಡಲಿಲ್ಲ.

ಜಂಪಣ್ಣ ಚೀಟಿ ಓದಿ ನಕ್ಕ. ಕಾರು ಓಡಿಸುವವರ ತಪ್ಪು ಎಂದ. ಉತ್ತರವಿಲ್ಲ. ಬೆಟ್ಟದ ತಪ್ಪು ಎಂದ. ಉತ್ತರವಿಲ್ಲ. ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಮುಂದಿಟ್ಟ. ಪಾಲಯ್ಯ ಲೋಟ ನೋಡಿದ. ಬಾಯಿ ಬಿಡದೆ ಕುಡಿಯುವ ಉಪಾಯ ಹೊಳೆಯಲಿಲ್ಲ.

“ಆಯ್ತಪ್ಪ, ಕ್ಲಚ್ ಸ್ವಲ್ಪ ಸವೆದಿದೆ ಅಂತಲೇ ಇಟ್ಕೋ,” ಎಂದ ಜಂಪಣ್ಣ. “ಸ್ವಲ್ಪ ಅಂದರೆ ಸ್ವಲ್ಪ ಜಾಸ್ತಿನೇ. ಹಾಗಂತ ನಾನು ಹೇಳಿದೆ ಅಂತ ನೀನು ಹೊರಗೆ ಹೇಳಬೇಡ.”

ಪಾಲಯ್ಯ ಹೇಳಲಿಲ್ಲ. ಮಧ್ಯಾಹ್ನ ಅವನು ಎದ್ದು ಹೋದ ಮೇಲೆ ಜಂಪಣ್ಣ ಆರಿದ ಚಹಾ ನೋಡುತ್ತಾ ಕೂತ. ಮಾತಾಡುವವನು ತಾನೊಬ್ಬನೇ ಆದದ್ದು, ಕೇಳದೆಯೇ ಕ್ಲಚ್ಚಿನ ವಿಷಯ ಹೊರಗೆ ಬಂದದ್ದು ಅವನಿಗೆ ಸರಿಕಾಣಲಿಲ್ಲ. ಇದು ಮುದ್ದೆ ಮಾಡುವವರ ಮನೆಯ ಬುದ್ಧಿಯಲ್ಲ. ಹಿಂದೆ ಯಾರೋ ವಕೀಲರಿದ್ದಾರೆ.

ಮನೆಯಲ್ಲಿ ತಿಪ್ಪಮ್ಮ ಕೇಳಿದಳು: “ಏನಂದ?”

ಪಾಲಯ್ಯ ತುಟಿ ಒತ್ತಿ ಹಿಡಿದು ನಿಂತ.

“ಬಾಯಿ ಬಿಡೋ ಮಾರಾಯ.”

ಪಾಲಯ್ಯ ಬಾಯಿ ಬಿಟ್ಟ. ತಿಪ್ಪಮ್ಮನಿಗೆ ಕೊನೆಯ ದವಡೆ ಹಲ್ಲಿನವರೆಗೆ ಕಂಡಿತು, ಮಾತು ಮಾತ್ರ ಬರಲಿಲ್ಲ.

“ಅಯ್ಯೋ ನನ್ನ ಕರ್ಮವೇ. ಹಾಗೆ ಕಲ್ಲಿನ ಥರ ಕೂತರೆ ಅವನು ಜಾರಿಕೊಳ್ತಾನೆ ಕಣೋ. ನಾಳೆ ಹೋಗು, ಅವನು ಎಲ್ಲಿಗೇ ಹೋಗಲಿ, ಬೆನ್ನು ಬಿಡಬೇಡ.”

ಮಂಗಳವಾರ ಬೆಳಿಗ್ಗೆ ಜಂಪಣ್ಣ ಅಂಗಡಿಯ ಬೀಗ ತೆಗೆಯುವಾಗ ಕುತ್ತಿಗೆಯ ಮೇಲೆ ಯಾರದೋ ಉಸಿರು ತಾಗಿತು. ತಿರುಗಿದ. ಯಾರೂ ಇಲ್ಲ. ಅವನು ತಿರುಗುವಷ್ಟರಲ್ಲಿ ಪಾಲಯ್ಯನೂ ಸುತ್ತಿ ಬಂದು ಬೆನ್ನ ಹಿಂದೆ ನಿಂತಿದ್ದ. ಮತ್ತೆ ತಿರುಗಿದ. ಮತ್ತೆ ಯಾರೂ ಇಲ್ಲ. ಎದುರಿನ ಪಂಚರ್ ಅಂಗಡಿಯವನು ಕೂಗಿ ಕೇಳಿದ: “ಜಂಪಣ್ಣ, ಯಾಕಣ್ಣ ಬುಗುರಿ ಆಡ್ತಿದೀಯ?”

ಕ್ಷೌರದಂಗಡಿಗೆ ಹೋದ. ಕುರ್ಚಿಗೂ ಗೋಡೆಗೂ ನಡುವಿನ ಮೊಳದಷ್ಟು ಜಾಗದಲ್ಲಿ ಪಾಲಯ್ಯ ಸೇರಿಕೊಂಡ. ಕನ್ನಡಿಯಲ್ಲಿ ಜಂಪಣ್ಣನ ತಲೆ, ಅದರ ಮೇಲೆ ಇನ್ನೊಂದು ತಲೆ. ಕೂದಲಿಗೆ ಕಪ್ಪು ಹಚ್ಚುತ್ತಿದ್ದ ಕ್ಷೌರಿಕ ಕೇಳಿದ: “ಯಾವ ತಲೆಗೆ ಹಚ್ಚಲಿ?”

ಮಧ್ಯಾಹ್ನ ಜಂಪಣ್ಣ ಕೊನೆಯ ಉಪಾಯವೆಂದು ಅಂಗಡಿಯ ಗೋಡೆಗೆ ಬೆನ್ನು ಒತ್ತಿ ಕೂತ. ಪಾಲಯ್ಯ ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಹೊರಗೆ ಹೋಗಿ ಗೋಡೆಯ ಆ ಬದಿಗೆ ನಿಂತ.

“ಯಾರು ಕಳಿಸಿದ್ದು ನಿನ್ನನ್ನ?” ಜಂಪಣ್ಣ ಗೋಡೆಗೆ ಕಿವಿಯಿಟ್ಟು ಕೇಳಿದ. “ಆರ್‌ಟಿಓ ಆಫೀಸಿನವರಾ? ತೆರಿಗೆಯವರಾ?”

“ಅಮ್ಮ,” ಎಂದಿತು ಗೋಡೆ.

ಇಷ್ಟು ಪಳಗಿದವನ ಬಾಯಿಂದ ನಿಜ ಬರುತ್ತದೆಂದು ಜಂಪಣ್ಣ ನಂಬಲಿಲ್ಲ.

“ಏನಂದ?” ಮನೆಯಲ್ಲಿ ಅದೇ ಪ್ರಶ್ನೆ.

“ಬೆನ್ನು ಏನು ಹೇಳುತ್ತಮ್ಮ?”

ತಿಪ್ಪಮ್ಮ ಸೌಟು ಕೆಳಗಿಟ್ಟು ಹಣೆ ಹಿಡಿದುಕೊಂಡಳು. “ಬೆನ್ನ ಹಿಂದೆ ಅಡಗೋಕೆ ನೀನೇನು ಕಳ್ಳನೇನೋ? ಎದುರಿಗೆ ನಿಲ್ಲು. ನಾಲ್ಕು ಜನರ ಮುಂದೆ ನಿಂತು ಇದ್ದದ್ದು ಇದ್ದ ಹಾಗೆ ಹೇಳು. ಭಯ ಯಾಕೆ?”

ಬುಧವಾರ ಮಳಿಗೆಯಲ್ಲಿ ಹೊಸದುರ್ಗದಿಂದ ಬಂದ ಗಂಡ ಹೆಂಡತಿ ಒಂದು ಕೆಂಪು ಕಾರು ನೋಡುತ್ತಿದ್ದರು. ಇನ್ನೇನು ವ್ಯಾಪಾರ ಕುದುರುವುದರಲ್ಲಿತ್ತು. ಪಾಲಯ್ಯ ಬಂದು ಎದುರಿಗೆ ನಿಂತ, ಗಂಟಲು ಸರಿಮಾಡಿಕೊಂಡ.

“ಇದು ಗೋಡೆ,” ಎಂದ. “ಗೋಡೆ ಮೇಲೆ ಕ್ಯಾಲೆಂಡರ್ ಇದೆ. ಹೋದ ವರ್ಷದ್ದು. ಇವರು ಜಂಪಣ್ಣ. ಇವರ ಕಿವಿ ಹಿಂದೆ ಕೂದಲಿಗೆ ಹಚ್ಚಿದ ಕಪ್ಪು ಇದೆ. ಇದು ಕೆಂಪು ಕಾರು. ಕಾರಿನ ಕೆಳಗೆ ಎಣ್ಣೆ ಇದೆ. ಎಣ್ಣೆ ಮೇಲೆ ಮರದ ಪುಡಿ ಇದೆ. ಪುಡಿ ಮೇಲೆ ರಟ್ಟು ಇದೆ. ರಟ್ಟಿನ ಮೇಲೆ ಜಂಪಣ್ಣನ ಕಾಲು ಇದೆ.”

ಹೆಂಡತಿ ಜಂಪಣ್ಣನ ಕಾಲು ನೋಡಿದಳು. ಜಂಪಣ್ಣ ಕಾಲು ಎತ್ತಲಿಲ್ಲ. ಗಂಡ ರಟ್ಟು ನೋಡಿದ. “ಸ್ವಲ್ಪ ಆಚೆ ಬರ್ತೀರಾ?” ಎಂದ. ಜಂಪಣ್ಣ ಇಲ್ಲೇ ಆರಾಮ ಎಂದ. ಅವರು ಮುಂದಿನ ಬಸ್ಸಿಗೇ ಹೊಸದುರ್ಗಕ್ಕೆ ಹೊರಟುಹೋದರು.

“ಎಲ್ಲಿ ಕಲಿತೆಯಪ್ಪ ಇದನ್ನ?” ಜಂಪಣ್ಣ ಮೆಲ್ಲಗೆ ಕೇಳಿದ. ಕೋರ್ಟಿನಲ್ಲಿ ಸಾಕ್ಷಿ ಹೇಳುವ ಕ್ರಮ ಇದು. ಹೆಚ್ಚಿಲ್ಲ, ಕಮ್ಮಿಯಿಲ್ಲ. ಇವತ್ತು ನಡೆದದ್ದು ತಾಲೀಮು ಎಂದು ಅವನಿಗೆ ಖಾತ್ರಿಯಾಯಿತು.

“ನಮ್ಮ ಕಾರಿನ ವಿಷಯ ಹೇಳಿದೆಯೇನೋ?” ಎಂದಳು ತಿಪ್ಪಮ್ಮ.

“ನಮ್ಮ ಕಾರು ಅಲ್ಲಿ ಇರಲಿಲ್ಲವಲ್ಲಮ್ಮ. ಇದ್ದದ್ದು ಮಾತ್ರ ಹೇಳಿದೆ.”

ತಿಪ್ಪಮ್ಮ ಒಲೆಗೆ ಒಂದು ಸೌದೆ ತಳ್ಳಿದಳು. ಅವತ್ತೂ ಸಾರು ಆರಿ, ಬೆಟ್ಟದಿಂದ ಅರ್ಧ ಹಂಡೆ ವಾಪಸು ಬಂದಿತ್ತು. “ನಾಳೆ ಕಾರು ತಗೊಂಡೇ ಹೋಗು. ಪೇಟೆ ಜನ ಎಲ್ಲ ನೋಡಬೇಕು, ಹಾಗೆ ಅವನ ಬಣ್ಣ ಬಯಲು ಮಾಡು.”

“ಯಾವುದರಿಂದ ಮಾಡಲಮ್ಮ?”

“ನನ್ನ ತಲೆಯಿಂದ ಮಾಡು. ಹೋಗೋ ಅತ್ಲಾಗೆ.”

ತಾಯಿಯ ತಲೆ ಈ ಕೆಲಸಕ್ಕೆ ಬರುವುದಿಲ್ಲವೆಂದು ಪಾಲಯ್ಯನಿಗೂ ತಿಳಿಯಿತು. ಮುದ್ದೆ ಹಂಡೆಯ ತಳ ಕೆರೆಯುವ ಕಬ್ಬಿಣದ ಸಟ್ಟುಗ ಎತ್ತಿಕೊಂಡ.

ಗುರುವಾರ ಮಳಿಗೆಯ ಮುಂದೆ ಕಾರು ನಿಲ್ಲಿಸಿ ಅವನು ಮೊದಲು ಜಂಪಣ್ಣನ ತಲೆಯ ಕಡೆ ನೋಡಿದ. ಬಣ್ಣ ಅಲ್ಲೂ ಇತ್ತು. ಆದರೆ ‘ನನ್ನ ಬಣ್ಣ’ ಎಂದು ಜಂಪಣ್ಣ ಹೇಳಿದ್ದು ಕಾರನ್ನು ತೋರಿಸಿ ಎಂದು ಅಮ್ಮನಿಂದ ಕೇಳಿದ್ದ. ಪಾಲಯ್ಯ ಬಾನೆಟ್ಟಿನ ಮೇಲೆ ಸಟ್ಟುಗ ಊರಿ ಎಳೆದ. ಬಿಳಿ ಬಣ್ಣ ಮುದ್ದೆ ಹಂಡೆಯ ತಳ ಹಿಡಿದ ಸೀಕಿನಂತೆ ಸುರುಳಿ ಸುರುಳಿಯಾಗಿ ಎದ್ದಿತು.

ಕೆಳಗೆ ಹಳದಿ.

ಹಳದಿಯ ಮೇಲೆ ಕೆಂಪು ಅಕ್ಷರ. ಪಂಚರ್ ಅಂಗಡಿಯವನು ರಸ್ತೆ ದಾಟಿ ಬಂದು ಒಂದೊಂದೇ ಅಕ್ಷರ ಓದಿದ: “ಕ, ಲಿ, ಯು, ವ, ವ, ರು. ಕಲಿಯುವವರು. ದೂರವಿರಿ.”

ಪಾಲಯ್ಯ ಬಾಗಿಲನ್ನೂ ಕೆರೆದ. ಅಲ್ಲಿ ಇನ್ನೂ ದೊಡ್ಡದಾಗಿತ್ತು: ಡ್ರೈವಿಂಗ್ ಶಾಲೆ.

ಬಸ್ಸಿಗೆ ಕಾಯುತ್ತಿದ್ದವರೆಲ್ಲ ಬಂದು ಸುತ್ತ ನಿಂತರು. ಊರು ತುಂಬ ಜನ ಕ್ಲಚ್ ತುಳಿಯಲು ಕಲಿತ ಕಾರು. ಪಕ್ಕದ ಸೀಟಿನ ಕಾಲ ಬಳಿ ಇದ್ದ ಮೂರು ತೂತು, ಕಲಿಸುವವನ ಪೆಡಲು ಕಿತ್ತ ಜಾಗ.

“ನಾನೇನು ಸುಳ್ಳು ಹೇಳಿದೆ?” ಎಂದ ಜಂಪಣ್ಣ. “ಮೇಷ್ಟ್ರ ಕಾರು ಅಂದೆ. ಮೇಷ್ಟ್ರದ್ದೇ. ಶಾಲೆ ಕೆಲಸಕ್ಕೆ ಓಡಿದ್ದು ಅಂದೆ. ಶಾಲೆಯದ್ದೇ. ಹೌದೋ ಅಲ್ಲವೋ ಹೇಳಿ.”

ಪಾಲಯ್ಯನೊಬ್ಬನೇ ತಲೆಯಾಡಿಸಿದ. “ಹೌದು,” ಎಂದ. “ಸರಿಯಾಗೇ ಹೇಳಿದಾರೆ.”

ಅಷ್ಟು ಹೊತ್ತು ಎದೆಗಟ್ಟಿ ಮಾಡಿಕೊಂಡಿದ್ದ ಜಂಪಣ್ಣ ಆ ಒಂದು ಮಾತಿಗೆ ಬೆವೆತ. ಬೈದಿದ್ದರೆ ಬೈಯಬಹುದಿತ್ತು. ಇಡೀ ಕಾರಿನಲ್ಲಿ ಅಕ್ಷರ ಇರುವ ಕಡೆಯೇ ಸಟ್ಟುಗ ಹಾಕಿದವನು, ನಾಲ್ಕು ಜನರ ಮುಂದೆ ತನ್ನ ಪರವಾಗಿ ಮಾತಾಡುತ್ತಾನೆಂದರೆ ಅದರ ಒಳಗೆ ಏನಿದೆಯೋ.

ಶುಕ್ರವಾರ ಅವನೇ ತಿಪ್ಪಮ್ಮನಿಗೆ ಫೋನು ಮಾಡಿದ. ಬೂದು ಬಣ್ಣದ ಕಾರೊಂದಿದೆ, ಕ್ಲಚ್ ಹೊಸದು, ಯಾವ ಬೆಟ್ಟವನ್ನಾದರೂ ಹತ್ತುತ್ತದೆ. ನಾಳೆ ಬಿಳಿಯದನ್ನು ತಂದುಕೊಟ್ಟು ಅದನ್ನು ಒಯ್ಯಲಿ ಎಂದ.

“ಯಾರ ಕಾರು ಅದು?” ತಿಪ್ಪಮ್ಮ ಕೇಳಿದಳು. “ಪೊಲೀಸರದಾ, ಡಾಕ್ಟರದಾ?”

“ನನ್ನದೇ ಕಣಮ್ಮ. ನಾನೇ ಓಡಿಸ್ತಿದ್ದದ್ದು.”

“ಹಾಗಾದರೆ ಇನ್ನೂ ಸರಿಯಾಗಿ ನೋಡಬೇಕು,” ಎಂದು ತಿಪ್ಪಮ್ಮ ಫೋನು ಇಟ್ಟಳು.

ಶನಿವಾರ ಬೆಳಿಗ್ಗೆ ಮೂರು ಒಲೆ ಉರಿಯುತ್ತಿದ್ದವು. ಅವಸರದಲ್ಲಿ ತಿಪ್ಪಮ್ಮ ಹೇಳಿದ್ದು ಇಷ್ಟೇ: “ಬಿಳಿ ಕಾರು ಹಿಂದಕ್ಕೆ ಕೊಟ್ಟು ಬಾ. ಹನ್ನೆರಡು ಹೊಡೆದ ಕೂಡಲೇ ಊಟ ಹೊರಡಬೇಕು.”

ಪಾಲಯ್ಯ ಕಾರು ಹತ್ತಿ ಕುತ್ತಿಗೆ ಹಿಂದಕ್ಕೆ ತಿರುಗಿಸಿದ, ರಿವರ್ಸ್ ಗೇರು ಹಾಕಿದ. ಅಡ್ಡರಸ್ತೆಯಲ್ಲಿ ಹಿಂದಕ್ಕೆ ಬಂದ. ಸಂತೆ ಬೀದಿಯಲ್ಲಿ ಹಿಂದಕ್ಕೆ ಬಂದ. ಟ್ರಾಫಿಕ್ ಪೊಲೀಸನಿಗೆ ಹಿಂದಕ್ಕೇ ಕೈಸನ್ನೆ ಮಾಡಿ ದಾಟಿದ. ಎದುರು ಬಂದವರಿಗೆಲ್ಲ ಮೊದಲು ಡಿಕ್ಕಿ ಕಂಡಿತು. ದಾಟಿ ಹೋದ ಮೇಲೆ ಬಾನೆಟ್ ಕಂಡಿತು. ‘ಕಲಿಯುವವರು, ದೂರವಿರಿ’ ಎಂದು ಓದಿಕೊಂಡು ಅವರೆಲ್ಲ ಸಮಾಧಾನಪಟ್ಟರು.

ಕಾರು ಬೆನ್ನು ಮುಂದಾಗಿ ಮಳಿಗೆಯೊಳಗೆ ನುಗ್ಗುವುದನ್ನು ಜಂಪಣ್ಣ ಕಂಡ. ಇದು ಮೆರವಣಿಗೆ ಎಂದುಕೊಂಡ. ಊರಿಗೆಲ್ಲ ಓದಿಸಿಕೊಂಡು ಬಂದಿದ್ದಾನೆ. ಪಾಲಯ್ಯ ಇಳಿದು ಕೀ ಕೊಟ್ಟು ಹೊರಟ.

“ಎಲ್ಲಿಗೆ? ಬೂದು ಕಾರಿನ ಕೀ ತಗೊಳ್ಳಯ್ಯ.”

“ಅಮ್ಮ ಕೊಟ್ಟು ಬಾ ಅಂದಿದಾಳೆ,” ಎಂದ ಪಾಲಯ್ಯ. “ತಗೊಂಡು ಬಾ ಅಂದಿಲ್ಲ.”

“ಬೇಡವಾ?”

“ಬೇಡ ಅಂತಲೂ ಅಂದಿಲ್ಲ.” ಪಾಲಯ್ಯ ನಡೆದೇ ಹೋದ.

ಕಾರು ಕೊಟ್ಟರೂ ಒಲ್ಲೆ ಎನ್ನುವವರಿಗೆ ಕಾರಿಗಿಂತ ದೊಡ್ಡದು ಬೇಕು. ಅದು ಅಂಗಡಿಯೋ, ಜೈಲೋ, ಜಂಪಣ್ಣನಿಗೆ ಅಂದಾಜು ಸಿಗಲಿಲ್ಲ. ಅವನು ಶಟರು ಎಳೆದು, ಬೂದು ಕಾರು ಹತ್ತಿ, ದಾರಿಯಲ್ಲಿ ನಡೆಯುತ್ತಿದ್ದ ಪಾಲಯ್ಯನನ್ನು ಹಿಂದೆ ಹಾಕಿ, ಹನ್ನೆರಡೂ ಕಾಲಿಗೆ ತಿಪ್ಪಮ್ಮನ ಬಾಗಿಲಲ್ಲಿ ನಿಂತ.

ತಿಪ್ಪಮ್ಮ ಹಂಡೆಯ ಪಕ್ಕ ನಿಂತು ರಸ್ತೆ ನೋಡುತ್ತಿದ್ದಳು. “ಮಗ ಎಲ್ಲಿ?”

“ನಡಕೊಂಡು ಬರ್ತಿದಾನೆ. ಕಾರು ನಾನೇ ತಂದೆ. ತಗೊಳ್ಳಮ್ಮ, ದಯವಿಟ್ಟು ತಗೊಂಡುಬಿಡು.”

ಕಾರು ಮಾರುವವನು ಮನೆಗೆ ಬಂದು ದಯವಿಟ್ಟು ಎನ್ನುವುದನ್ನು ತಿಪ್ಪಮ್ಮ ಎಲ್ಲಿಯೂ ಕೇಳಿರಲಿಲ್ಲ. ಬಗ್ಗಿ ಪಕ್ಕದ ಸೀಟಿನ ಕೆಳಗೆ ಕೈಯಾಡಿಸಿದಳು. ತೂತಿಲ್ಲ. ಬಾಗಿಲ ಅಂಚನ್ನು ಉಗುರಿನಿಂದ ಕೆರೆದಳು. ಕೆಳಗೂ ಬೂದು. ಅವಳ ಅನುಮಾನ ಇನ್ನೂ ಹೆಚ್ಚಿತು.

“ನೀನೇ ಹತ್ತಿಸಿ ತೋರಿಸು,” ಎಂದಳು. ಹಂಡೆಗಳನ್ನು ಹಿಂದಿನ ಸೀಟಿಗೆ ಏರಿಸಿ, ತಾನು ಮುಂದೆ ಕೂತಳು.

ಪಾಲಯ್ಯ ಒಂದು ಗಂಟೆಗೆ ಮನೆ ಮುಟ್ಟಿದ. ಬೀಗ ಹಾಕಿತ್ತು. ಬಾ ಎಂದಿದ್ದಳು, ಬಂದಿದ್ದ; ಮೆಟ್ಟಿಲ ಮೇಲೆ ಕೂತ.

ಬೂದು ಕಾರು ಈಗ ತಿಪ್ಪಮ್ಮನ ಹೆಸರಿನಲ್ಲಿದೆ. ಬಿಳಿ ಕಾರು ಮಳಿಗೆಯಲ್ಲಿ ಮಾರಾಟಕ್ಕಿದೆ. ಆ ಶನಿವಾರ ಊಟ ಹನ್ನೆರಡು ಐವತ್ತೆರಡಕ್ಕೆ ಬೆಟ್ಟದ ಮೇಲಿತ್ತು. ಸಾರು ಬಿಸಿಯಾಗಿತ್ತು. ಬಡಿಸಿದವನು ಜಂಪಣ್ಣ.