ಕೊಟ್ರನ ಜನರೇಟರ್ ಕಾವಲು

ಹಾಲಮ್ಮನಿಗೆ ಒಬ್ಬನೇ ಮಗ, ಹೆಸರು ಕೊಟ್ರ. ಗಟ್ಟಿಮುಟ್ಟಾದ ಆಳು, ಸುಳ್ಳು ಹೇಳಿದವನಲ್ಲ, ಕದ್ದವನಲ್ಲ. ಒಂದೇ ತೊಂದರೆ. ಹೇಳಿದ್ದನ್ನು ಹೇಳಿದಷ್ಟೇ ಮಾಡುತ್ತಿದ್ದ. ಹಾಲು ಉಕ್ಕುತ್ತಾ ನೋಡು ಅಂದರೆ ಒಲೆ ಮುಂದೆ ಕೂತು ನೋಡುವನು. "ಉಕ್ಕಿತವ್ವಾ, ನೋಡಿದೆ" ಅನ್ನುವನು. ಹಾಲಮ್ಮ ಹಣೆ ಹಣೆ ಬಡಿದುಕೊಳ್ಳುವಳು.

ಹಾಲಮ್ಮ ಓಂಕಾರಪ್ಪನ ಕಲ್ಯಾಣ ಮಂಟಪದಲ್ಲಿ ಹನ್ನೊಂದು ವರ್ಷದಿಂದ ಪಾತ್ರೆ ತೊಳೆಯುತ್ತಿದ್ದಳು. ಅಲ್ಲಿ ಜನರೇಟರ್ ನೋಡಿಕೊಳ್ಳುವವನು ಕೆಲಸ ಬಿಟ್ಟ. ಹಾಲಮ್ಮ ಸೀರೆ ಸೆರಗಿಗೆ ಕೈ ಒರೆಸಿಕೊಂಡು ಓಂಕಾರಪ್ಪನ ಮುಂದೆ ನಿಂತಳು.

"ಸಾವ್ಕಾರ್ರೆ, ನನ್ನ ಮಗನ್ನ ಹಾಕ್ಕೊಳ್ರಿ. ಹೇಳಿದ್ದನ್ನ ಹೇಳಿದಂಗೆ ಮಾಡ್ತಾನೆ."

"ಅಂಥೋನೇ ಬೇಕು ನನಗೆ" ಅಂದ ಓಂಕಾರಪ್ಪ.

ಕೊಟ್ರನನ್ನು ಜನರೇಟರ್ ಕೋಣೆಗೆ ಕರೆದೊಯ್ದು ಪ್ಯಾನಲ್ ತೋರಿಸಿದ. ಒಂದು ಕೀ. ಒಂದು ಹಸಿರು ಗುಂಡಿ, ಒಂದು ಕೆಂಪು ಗುಂಡಿ. ಪಕ್ಕದಲ್ಲಿ ಉದ್ದನೆಯ ಹಿಡಿ: ಮೇಲಿದ್ದರೆ ಊರಿನ ಕರೆಂಟು, ಕೆಳಗಿದ್ದರೆ ಜನರೇಟರಿನ ಕರೆಂಟು, ನಡುವೆ ಇದ್ದರೆ ಯಾವುದೂ ಇಲ್ಲ.

"ಕರೆಂಟ್ ಹೋದ ತಕ್ಷಣ ಕೀ ತಿರುಗಿಸು, ಹಸಿರು ಒತ್ತು. ಎಂಜಿನ್ ಹೊರಟಮೇಲೆ ಹಿಡಿ ಕೆಳಗೆ ಎಳಿ. ತಿಳೀತಾ?"

"ತಿಳೀತು."

ಮರುದಿನವೇ ಕರೆಂಟ್ ಹೋಯಿತು. ಕೊಟ್ರ ಕೀ ತಿರುಗಿಸಿದ, ಹಸಿರು ಒತ್ತಿದ. ಎಂಜಿನ್ ಹೊರಟಿತು. ಎಡಗೈಯಲ್ಲಿ ಹಿಡಿ ಎಳೆದ. ಬಲಗೈ ಹಸಿರು ಗುಂಡಿಯ ಮೇಲೇ ಇತ್ತು. ಐದು ನಿಮಿಷವಾದರೂ ಇತ್ತು. ಕೋಣೆ ತುಂಬ ಸುಟ್ಟ ವಾಸನೆ, ಹೊಗೆ. ಓಂಕಾರಪ್ಪ ಓಡಿಬಂದ.

"ಸ್ಟಾರ್ಟರ್ ಸುಟ್ಟೆಯಲ್ಲೋ ಪೆದ್ದ ನನ್ಮಗನೆ!"

"ಒತ್ತು ಅಂದ್ರಿ, ಒತ್ತಿದೆ. ಬಿಡು ಅನ್ನಲಿಲ್ಲ."

"ಗುರ್ ಅಂದ ತಕ್ಷಣ ಕೈ ಬಿಡಬೇಕು. ಗುರ್ ಅಂತು, ಕೈ ಬಿಟ್ಟೆ. ಅಷ್ಟೇ."

"ಹಂಗೇ ಮಾಡ್ತೀನಿ."

ಹೊಸ ಸ್ಟಾರ್ಟರ್ ಕೂರಿಸಿ ಎರಡು ದಿನ ಕಳೆಯಿತು. ಎಲೆಕ್ಟ್ರಿಷಿಯನ್ ದಾದಾಪೀರ್ ಕೋಣೆಯ ದೀಪ ಸರಿಮಾಡಲು ಏಣಿ ಹತ್ತಿದ. ಕೊಟ್ರ ಕೆಳಗೆ ಏಣಿ ಹಿಡಿದು ನಿಂತ. ಆಚೆ ರಸ್ತೆಯಲ್ಲಿ ಯಾರದೋ ಬೈಕು ಗುರ್ ಅಂದಿತು. ಕೊಟ್ರ ಕೈ ಬಿಟ್ಟ. ಏಣಿ ಜಾರಿತು. ದಾದಾಪೀರ್ ತೊಲೆ ಹಿಡಿದು ಬಾವಲಿಯ ಹಾಗೆ ನೇತಾಡುತ್ತ ಕೂಗಿದ ಕೂಗಿಗೆ ಅಡುಗೆಮನೆಯವರೆಲ್ಲ ಬಂದರು. ಹಾಲಮ್ಮನೂ ಬಂದಳು. ನೋಡಿದಳು. ಹಣೆ ಬಡಿದುಕೊಂಡಳು.

"ಗುರ್ ಅಂತು, ಬಿಟ್ಟೆ" ಅಂದ ಕೊಟ್ರ.

ಓಂಕಾರಪ್ಪ ಒಂದು ತಗಡಿನ ಬೋರ್ಡ್ ತಂದುಕೊಟ್ಟ. ಅದರಲ್ಲಿ "ಕೆಲಸ ನಡೆಯುತ್ತಿದೆ, ಮುಟ್ಟಬೇಡಿ" ಅಂತ ಬರೆದಿತ್ತು.

"ಯಾರಾದ್ರೂ ಕೆಲಸ ಮಾಡ್ತಿದ್ರೆ ಇದನ್ನ ತಗುಲಿಹಾಕು. ಬೋರ್ಡ್ ಇರೋತನಕ ಯಾರೂ ಮುಟ್ಟಬಾರದು. ನಾನೇ ಬಂದ್ರೂ ಮುಟ್ಟಗೊಡಬೇಡ."

"ಕೊಡಲ್ಲ."

ಮುಂದಿನ ಮದುವೆಯ ದಿನ ದಾದಾಪೀರ್ ಊಟದ ಮನೆಯ ಫ್ಯಾನು ರಿಪೇರಿಗೆ ನಿಂತ. ಕೊಟ್ರ ಹಿಡಿಗೆ ಬೋರ್ಡ್ ತಗುಲಿಹಾಕಿದ. ದಾದಾಪೀರ್ ಕೆಲಸ ಮುಗಿಸಿದ, ಉಂಡ, ಶಾಮಿಯಾನದ ಹಿಂದೆ ಹೋಗಿ ಮಲಗಿದ. ಕರೆಂಟ್ ಹೋಯಿತು. ಕೊಟ್ರ ಕೀ ತಿರುಗಿಸಿದ, ಹಸಿರು ಒತ್ತಿದ, ಗುರ್ ಅಂತು, ಕೈ ಬಿಟ್ಟ. ಹಿಡಿ ಮಾತ್ರ ಮುಟ್ಟಲಿಲ್ಲ. ಎಂಜಿನ್ ಓಡುತ್ತಲೇ ಇತ್ತು, ನಾನೂರು ಜನ ಎಲೆ ಮುಂದೆ ಬೆವರುತ್ತಲೇ ಇದ್ದರು.

"ಹಿಡಿ ಎಳಿಯೋ" ಅಂದ ಓಂಕಾರಪ್ಪ.

"ಬೋರ್ಡ್ ಐತೆ."

"ನಾನು ಹೇಳ್ತಿದೀನಿ ಕಣೋ."

"ನೀವೇ ಬಂದ್ರೂ ಅಂದೋರು ನೀವೇ."

ಕೊಟ್ರ ಎರಡೂ ತೋಳು ಚಾಚಿ ಪ್ಯಾನಲ್ಲಿಗೆ ಬೆನ್ನು ಕೊಟ್ಟು ನಿಂತ. ತಳ್ಳಿದರು, ಅಲ್ಲಾಡಲಿಲ್ಲ. ಬೈದರು, ಕಣ್ಣು ಮಿಟುಕಿಸಲಿಲ್ಲ. ಕೊನೆಗೆ ದಾದಾಪೀರನನ್ನು ಎಬ್ಬಿಸಿ ತಂದು, ಅವನ ಬಾಯಲ್ಲಿ ಮುಗೀತು ಅನ್ನಿಸಿದ ಮೇಲೆಯೇ ಬೋರ್ಡ್ ಇಳಿಯಿತು. ಅಷ್ಟು ಹೊತ್ತಿಗೆ ಪಾಯಸವೂ ಮುಗಿದಿತ್ತು.

ಓಂಕಾರಪ್ಪ ಹಲ್ಲು ಕಚ್ಚಿ ಹೇಳಿದ: "ಕೆಲಸ ಮುಗೀತಾ ಅಂತ ನೀನೇ ಹೋಗಿ ಕೇಳ್ಬೇಕು. ಮುಗೀತು ಅಂದ್ರೆ ಬೋರ್ಡೂ ಇರಬಾರದು, ಎಂಜಿನ್ನೂ ಸುಮ್ಮನೆ ಓಡಬಾರದು. ಹಾಲಮ್ಮ, ನೀನೂ ಕೇಳಿಸ್ಕೊ. ಬರೋ ಸೋಮವಾರ ನನ್ನ ಮಗಳ ಮದುವೆ. ಅವತ್ತು ಏನಾದ್ರೂ ಎಡವಟ್ಟಾದ್ರೆ ತಾಯಿ ಮಗ ಇಬ್ಬರೂ ಗೇಟಿನಾಚೆ."

ಹಾಲಮ್ಮನಿಗೆ ಆ ವಾರ ಅನ್ನ ಸೇರಲಿಲ್ಲ. ಮಗನನ್ನು ಕೂರಿಸಿಕೊಂಡು ಮೂರು ಸಲ ಹೇಳಿಕೊಟ್ಟಳು. ಮೂರು ಸಲವೂ ಅವನು ಸರಿಯಾಗಿಯೇ ಒಪ್ಪಿಸಿದ. ಅದೇ ಅವಳಿಗೆ ಭಯ.

ಸೋಮವಾರ ಬೆಳಿಗ್ಗೆಯಿಂದ ಕರೆಂಟಿಲ್ಲ. ಜನರೇಟರ್ ಮೇಲೇ ಮದುವೆ. ಕೊಟ್ರ ಎಲ್ಲವನ್ನೂ ಸರಿಯಾಗಿ ಮಾಡಿ, ಬೋರ್ಡ್ ಕಂಕುಳಲ್ಲಿಟ್ಟುಕೊಂಡು ಮದುವೆ ನೋಡಲು ಬಂದ. ನೋಡಿದರೆ, ಹುಡುಗಿಯ ಅತ್ತೆಯೊಬ್ಬಳು ತಟ್ಟೆಯಲ್ಲಿ ತೆಂಗಿನಕಾಯಿ, ಅದರ ಮೇಲೆ ತಾಳಿ ಇಟ್ಟುಕೊಂಡು ಸಾಲು ಸಾಲಾಗಿ ಬರುತ್ತಿದ್ದಾಳೆ. ಕೂತವರೆಲ್ಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಾರೆ. ಕೆಲಸ ನಡೀತಿದೆ, ಇವರು ಮುಟ್ಟುತ್ತಿದ್ದಾರೆ. ಕೊಟ್ರ ಎದ್ದುಬಿದ್ದು ಓಡಿದ. ಹೋಗಿ ಕಾಯಿಯ ಜುಟ್ಟಿಗೆ ಬೋರ್ಡ್ ತಗುಲಿಸಿ ತಟ್ಟೆಯನ್ನು ಎದೆಗವಚಿಕೊಂಡ.

"ತಾಳಿ ಕೊಡಪ್ಪ, ಮುಹೂರ್ತ ಮೀರ್ತೈತೆ" ಅಂದರು ಮದುವೆ ಮಾಡಿಸುತ್ತಿದ್ದ ಅಯ್ಯನವರು.

"ಕೆಲಸ ಮುಗೀತಾ?"

"ತಾಳಿ ಕಟ್ಟಿದ್ರೆ ಮುಗೀತು."

"ಮುಗಿದ ಮೇಲೆ ಕೊಡ್ತೀನಿ."

"ಕೊಡದೆ ಹೆಂಗೋ ಮುಗೀತದೆ?"

"ಮುಗೀದೆ ಹೆಂಗೆ ಕೊಡ್ಲಿ?"

ಮದುಮಗ ಕೈ ಚಾಚಿದ, ಹಿಂದಕ್ಕೆ ತೆಗೆದುಕೊಂಡ. ಅಯ್ಯನವರು ಸೋತು, "ಮುಗೀತಪ್ಪ ಮಾರಾಯ, ಎಲ್ಲಾ ಮುಗೀತು" ಅಂದರು.

ಕೊಟ್ರ ಬೋರ್ಡ್ ತೆಗೆದ, ತಟ್ಟೆ ಕೊಟ್ಟ, ನೆಟ್ಟಗೆ ಜನರೇಟರ್ ಕೋಣೆಗೆ ಹೋದ. ಹಿಡಿ ನಡುವಿಗೆ. ಕೆಂಪು ಗುಂಡಿ. ಕೀ ಜೇಬಿಗೆ. ಮೈಕು ಸತ್ತಿತು, ದೀಪ ಸತ್ತವು, ಪರದೆ ಹಾಕಿದ ಮಂಟಪ ಗವಿಯಂತಾಯಿತು. ಕತ್ತಲಲ್ಲಿ ಯಾವ ಕತ್ತು ಯಾರದೆಂದು ಮದುಮಗನಿಗೆ ತಿಳಿಯಲಿಲ್ಲ.

"ಇಲ್ಲಿ ಇನ್ನೊಂದು ವಸ್ತು ಮುಟ್ಟಬೇಡ. ತಾಯಿ ಮಗ ಇಬ್ಬರೂ ಹೊರಗೆ ನಡೀರಿ!" ಅಂತ ಅಬ್ಬರಿಸಿದ ಓಂಕಾರಪ್ಪ.

ಇಬ್ಬರೂ ಹೊರಗೆ ನಡೆದರು. ಗೇಟು ದಾಟಿದ್ದರೋ ಇಲ್ಲವೋ, ಓಂಕಾರಪ್ಪ ಹಿಂದೆಯೇ ಓಡಿಬಂದ.

"ಕೀ ಎಲ್ಲೋ?"

"ಜೇಬಲ್ಲಿ."

"ಕೊಡು."

"ಮುಟ್ಟಬೇಡ ಅಂದ್ರಲ್ಲ."

ಓಂಕಾರಪ್ಪ ಜೇಬಿಗೆ ಕೈ ಹಾಕಲು ಹೋದ. ಹಾಲಮ್ಮ ನಡುವೆ ಬಂದಳು. ಈ ಸಲ ಅವಳು ಹಣೆ ಬಡಿದುಕೊಳ್ಳಲಿಲ್ಲ.

"ಬೀದೀಲಿ ಹೋಗೋರ ಜೇಬಿಗೆ ಕೈ ಹಾಕ್ತೀರಾ ಸಾವ್ಕಾರ್ರೆ? ನನ್ನ ಮಗ ಒಂದು ದಿನ ನಿಮ್ಮ ಮಾತು ಮೀರಿದ್ನಾ, ಹೇಳ್ರಿ. ಅರ್ಧ ಹೇಳೋರು ನೀವು, ಪೆದ್ದ ಅನ್ನಿಸ್ಕೊಳ್ಳೋನು ಇವನು. ಕೆಲಸ ಐತೆ ಅನ್ರಿ, ಬರ್ತೀವಿ. ಇಲ್ಲ ಅನ್ರಿ, ಹೋಗ್ತೀವಿ."

ಒಳಗಿಂದ ಅಯ್ಯನವರು ಇನ್ನು ನಾಲ್ಕೇ ನಿಮಿಷ ಅಂತ ಕೂಗಿದರು.

"ಐತೆ ಕಣಮ್ಮ, ಇಬ್ಬರಿಗೂ ಐತೆ. ಲೇ ಕೊಟ್ರ, ಹೋಗಿ ಚಾಲೂ ಮಾಡು. ಎಲ್ಲಾ ದೀಪ ಉರೀಬೇಕು. ನಾನು ಬಂದು ಹೇಳೋತನಕ ನಿಲ್ಲಿಸಿದ್ರೆ ನೋಡು!"

"ನಿಲ್ಲಿಸಲ್ಲ."

ದೀಪ ಬಂದವು, ಗಟ್ಟಿಮೇಳ ಆಯಿತು, ತಾಳಿ ಸರಿಯಾದ ಕತ್ತಿಗೇ ಬಿತ್ತು. ಊಟ ಮುಗಿಸಿ ಓಂಕಾರಪ್ಪ ಮಗಳನ್ನು ಬಿಡಲು ಬೀಗರ ಊರಿಗೆ ಹೋದ.

ನಾಲ್ಕನೆಯ ದಿನ ಮಧ್ಯಾಹ್ನ ಬಂದ. ಸುಡುವ ಬಿಸಿಲಿನಲ್ಲಿ ಮಂಟಪದ ದೀಪಗಳೆಲ್ಲ ಉರಿಯುತ್ತಿದ್ದವು. ಖಾಲಿ ಕುರ್ಚಿಗಳ ಮೇಲೆ ಎಲ್ಲಾ ಫ್ಯಾನು ತಿರುಗುತ್ತಿದ್ದವು. ಊರಿಗೆ ಕರೆಂಟ್ ಬಂದು ಮೂರು ದಿನವಾಗಿತ್ತು. ಹಿತ್ತಲಲ್ಲಿ ಹಾಲಮ್ಮ ಕೊನೆಯ ಡೀಸೆಲ್ ಡ್ರಮ್ಮನ್ನು ಓರೆ ಮಾಡಿ ಕ್ಯಾನಿಗೆ ಬಗ್ಗಿಸುತ್ತಿದ್ದಳು. ಓಂಕಾರಪ್ಪನನ್ನು ನೋಡಿದಳು, ಬಗ್ಗಿಸುತ್ತಲೇ ಇದ್ದಳು.

ಪ್ಯಾನಲ್ ಮುಂದೆ ಕೊಟ್ರ ಕೆಂಪು ಕಣ್ಣು ಬಿಟ್ಟುಕೊಂಡು ಕೂತಿದ್ದ.

"ಬಂದ್ರಾ ಸಾವ್ಕಾರ್ರೆ" ಅಂದ. "ಈಗ ನಿಲ್ಲಿಸು ಅಂತ ಹೇಳ್ತೀರೋ, ಡೀಸೆಲ್ ತರಿಸ್ತೀರೋ?"