ಆನೆಬಂಡೆಯವರೆಗೆ ಒಂದು ಉಸಿರು

ಹೊಳೆಯ ದಡದಲ್ಲಿ ಸಾತಮ್ಮನವರ ಆಶ್ರಮ. ಅಲ್ಲಿ ಹಾಡು ಕಲಿಯುವವರು ನಸುಕಿನಲ್ಲೇ ಎದೆಮಟ್ಟದ ನೀರಿಗಿಳಿಯಬೇಕು. ದೊನ್ನೆಯಲ್ಲಿ ದೀಪ ಹಚ್ಚಿ, ಹೊಳೆಗೆ ತೇಲಿಬಿಟ್ಟು, ಒಂದೇ ಉಸಿರಿನಲ್ಲಿ ಷಡ್ಜ ಹಿಡಿಯಬೇಕು.

ದೀಪ ಬಿಡುವುದು ಗುರುವಿನ ಪದ್ಧತಿ. ಅದು ಹೊಳೆ ಹರಿಯುವ ದಿಕ್ಕಿನಲ್ಲಿರುವ ಆನೆಬಂಡೆ ಮುಟ್ಟುವವರೆಗೂ ಸ್ವರ ನಿಲ್ಲಬೇಕೆನ್ನುವುದು ಶಿಷ್ಯೆಯರೇ ಕಟ್ಟಿಕೊಂಡ ಪಂತ.

ಹಿರಿಯ ಶಿಷ್ಯೆ ರೇವಕ್ಕ ಒಮ್ಮೆ ಗೆದ್ದಿದ್ದಳು. ಕಿರಿಯವಳಾದ ಕೇತಕಿಗೆ ಎಂದೂ ಆಗಲಿಲ್ಲ. ದೀಪ ಬಂಡೆಯ ಹತ್ತಿರ ಹೋದಂತೆಲ್ಲ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಸ್ವರ ನಡುಗಿ ಕಡಿದುಹೋಗುತ್ತಿತ್ತು.

ಒಂದು ದಿನ ಒದ್ದೆ ಸೀರೆಯಲ್ಲೇ ಬಂದು ಗುರುವಿನ ಮುಂದೆ ನಿಂತಳು.

“ಅಮ್ಮಾ, ನಾಳೆಯೂ ಸೋತರೆ ಊರಿಗೆ ಹೋಗುತ್ತೇನೆ. ಮತ್ತೆಂದೂ ಹಾಡುವುದಿಲ್ಲ.”

“ಯಾರಮ್ಮ ನಿನ್ನನ್ನು ಸೋಲಿಸಿದವರು?”

“ರೇವಕ್ಕನಿಗೆ ಆದದ್ದು ನನಗೇಕೆ ಆಗುವುದಿಲ್ಲ?”

“ಅವಳು ಹಾಡಿದ್ದು ಶ್ರಾವಣದಲ್ಲಿ. ಹೊಳೆ ಓಡುತ್ತಿತ್ತು. ಈಗ ಮಾಘ. ಹೊಳೆಗೆ ನಿದ್ದೆ.”

ಕೇತಕಿಯ ಮುಖ ಅರಳಿತು. “ಹಾಗಾದರೆ ಮಳೆಗಾಲದವರೆಗೆ ಕಾಯುತ್ತೇನೆ!”

“ಕಾಯುತ್ತಿರು. ಅಷ್ಟರಲ್ಲಿ ನಿನ್ನ ಉಸಿರೂ ಮಲಗಿರುತ್ತದೆ.”

“ದಾರಿ ಕೇಳಿದರೆ ಅಣಕಿಸುತ್ತೀರಿ. ಬಂಡೆಯ ಆಸೆ ಬಿಟ್ಟರೆ ನಾನು ಇನ್ನೇತಕ್ಕೆ ದುಡಿಯಲಿ?”

“ದುಡಿಯಬೇಡ ಅಂದೆನೇ? ಒಂದು ಎಳೆ ಉಸಿರನ್ನೂ ಉಳಿಸಿಕೊಳ್ಳಬೇಡ. ಆದರೆ ದೀಪ ನಡೆಸುವುದು ಹೊಳೆಯ ಕೆಲಸ. ಅದನ್ನೂ ನೀನೇ ಹೊತ್ತರೆ ಹಾಡುವವರು ಯಾರು?”

“ಮಾತು ಚೆನ್ನಾಗಿದೆ. ಕಣ್ಣು ಬಂಡೆಯ ಕಡೆಗೇ ಓಡುತ್ತದಲ್ಲ!”

ಸಾತಮ್ಮ ನಕ್ಕು ಒಳಗೆ ಹೋದರು.

ಮರುದಿನ ಹೊಳೆಯ ತುಂಬ ಮಂಜು. ಆಚೆ ದಡವಿಲ್ಲ, ಬಂಡೆಯಿಲ್ಲ, ಆಕಾಶವೂ ಇಲ್ಲ. ಗುರು ತಾವೂ ನೀರಿಗಿಳಿದು ಶಿಷ್ಯೆಯ ಪಕ್ಕದಲ್ಲಿ ನಿಂತರು.

“ಅಮ್ಮಾ, ಏನೂ ಕಾಣುವುದಿಲ್ಲ. ಇವತ್ತು ಬೇಡ.”

“ಊರಿಗೆ ಹೊರಟವಳು. ಒಂದು ಸಲ ಹಾಡಿ ಹೋಗು.”

ಕೇತಕಿ ದೀಪ ಬಿಟ್ಟಳು. ಅದು ತುಸು ದೂರ ತೇಲಿ, ಹಾಲಿನಲ್ಲಿ ಕೇಸರಿಯ ಎಳೆಯಂತೆ ಮಂಜಿನಲ್ಲಿ ಕರಗಿತು.

ಅವಳು ಸ್ವರ ಹಿಡಿದಳು.

ಕಣ್ಣು ಬಂಡೆಯನ್ನು ಹುಡುಕಿತು. ಸಿಗಲಿಲ್ಲ. ಇನ್ನೂ ಹುಡುಕಿತು. ಆಮೇಲೆ ದಣಿದು ತಾನಾಗಿ ಮುಚ್ಚಿಕೊಂಡಿತು.

ಸ್ವರ ನೀರಿನ ಮೇಲೆ ಹಾಸಿಕೊಂಡು ಹೋಯಿತು. ಹಾಡುತ್ತಿರುವುದು ತಾನೋ ಮಂಜೋ, ಅವಳಿಗೆ ತಿಳಿಯಲಿಲ್ಲ. ಕಾಲ ಕೆಳಗಿನ ಮರಳು ಕೂಡ ಸಣ್ಣಗೆ ಮಿಡಿಯುತ್ತಿದ್ದಂತೆ ಅನಿಸಿತು. ಉಸಿರು ಕೊನೆಯ ಎಳೆಯವರೆಗೂ ಹೋಯಿತು. ಕಡಿಯಲಿಲ್ಲ, ಮುಗಿಯಿತು.

ಕೇತಕಿ ಮೆಲ್ಲಗೆ ಕಣ್ಣು ತೆರೆದಳು.

ಆಮೇಲೆ ಪಿಸುಗುಟ್ಟಿದಳು, “ಅಮ್ಮಾ, ದೀಪ ಬಂಡೆ ಮುಟ್ಟಿತೇ?”

“ಯಾರಿಗೆ ಗೊತ್ತು ಮಗಳೇ,” ಅಂದರು ಸಾತಮ್ಮ. “ನಾನು ಹಾಡು ಕೇಳುತ್ತಿದ್ದೆ.”